ನಿಮಗಿದು ಗೊತ್ತೆ? ನದಿಗಳ ತವರು, ನೀರಿಗೆ ಬರ

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೆ 1,478 ಮೀಟರ್ ಎತ್ತರದ ನಂದಿಬೆಟ್ಟ ಮತ್ತು ಅದರ ಸುತ್ತಲಿನ ಗಿರಿಸಾಲು ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳ ತವರು. ಹುಟ್ಟಿದೂರಿಗೆ ದಕ್ಕದ ನೀರು!

ಇಲ್ಲಿನ ಬದುಕು ಕೆರೆ, ಕೊಳವೆಬಾವಿ ನಂಬಿದ್ದು. ಅಷ್ಟರಲ್ಲೇ ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಶಿಡ್ಲಘಟ್ಟವನ್ನು ರೇಷ್ಮೆಯ ದೊಡ್ಡ ಊರಾಗಿಸಿದ ರೈತರ ಶ್ರಮ ನಿಜಕ್ಕೂ ದೊಡ್ಡದು. ಅಲ್ಲಿನ ಮಾರುಕಟ್ಟೆಯಲ್ಲಿ ಹರಾಜಾದ ಗೂಡನ್ನು ರೀಲರುಗಳು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಳ್ಳೆಯ ದ್ವಿತಳಿ ಗೂಡೊಂದರ ಎಳೆ ಸುಮಾರು ಸಾವಿರ ಮೀಟರ್ ಉದ್ದ! ನಂದಿ ಸೀಮೆಯ ದ್ರಾಕ್ಷಿಯೂ ಹೆಸರುವಾಸಿ.

ಚಿಂತಾಮಣಿ ಕಡೆ ಹೋದರೆ ಕೈವಾರ. ಬಳೆ ಮಾರುತ್ತಿದ್ದ ತಾತಯ್ಯ ಯೋಗಿ ನಾರೇಯಣರಾಗಿ ತೆಲುಗು, ಕನ್ನಡಗಳಲ್ಲಿ ಕೀರ್ತನೆ ರಚಿಸಿದ ನೆಲ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ನಂದಿಯ ಮಗ್ಗುಲಲ್ಲೇ ಇದೆ.

ನಂದಿಬೆಟ್ಟದ ಮಂಜು ನೋಡಿ ಹಿಂತಿರುಗುವವರು ಗೌರಿಬಿದನೂರಿನ ವಿದುರಾಶ್ವತ್ಥಕ್ಕೂ ಬನ್ನಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲೇ. ಹುತಾತ್ಮರ ಸ್ಮಾರಕ ಅಲ್ಲಿದೆ.