ಮಂಗಟ್ಟೆಯ ಹೊಟ್ಟೆಯಲ್ಲಿ ಒಂದು ಕಾಡು

ಸುಬ್ರಹ್ಮಣ್ಯದ ಕುಲ್ಕುಂದದಿಂದ ಬಿಸಿಲೆ ಘಾಟಿ ಹತ್ತುವವರು ಬೆಳಗ್ಗೆ ಒಂದಿಷ್ಟು ಹೊತ್ತು ಗಾಡಿ ನಿಲ್ಲಿಸಿ ಸುಮ್ಮನೆ ಕೂತರೆ, ಹಕ್ಕಿ ಕಾಣುವ ಮೊದಲೇ ಅದರ ಸದ್ದು ಕೇಳುವುದುಂಟು. ಹುಸ್, ಹುಸ್, ಹುಸ್. ಹಳೆಯ ಉಗಿ ಎಂಜಿನು ಏದುಸಿರು ಬಿಡುತ್ತ ಏರು ಹತ್ತಿದ ಹಾಗೆ. ತಲೆ ಎತ್ತುವಷ್ಟರಲ್ಲಿ ಹಳದಿ ಕೊಕ್ಕಿನ ದೊಡ್ಡ ಮಂಗಟ್ಟೆಗಳ ಜೋಡಿ ಮರಗಳ ನೆತ್ತಿ ದಾಟಿ ಆಚೆ ಕಣಿವೆಗೆ ಇಳಿದಿರುತ್ತದೆ.

ಈ ಸದ್ದು ಗಂಟಲಿನದ್ದಲ್ಲ, ರೆಕ್ಕೆಯದ್ದು. ಸಾಮಾನ್ಯವಾಗಿ ಹಕ್ಕಿಗಳ ರೆಕ್ಕೆಯ ಅಡಿಯಲ್ಲಿ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳ ಪದರ ಇರುತ್ತದೆ. ಮಂಗಟ್ಟೆಯಲ್ಲಿ ಅದು ಹೆಸರಿಗಷ್ಟೇ. ಮಾಡು ಹೊದಿಸುವಾಗ ಸಂದು ಬಿಟ್ಟ ಹಾಗೆ, ಪ್ರತಿ ಬಡಿತಕ್ಕೂ ಗಾಳಿ ಗರಿಗಳ ನಡುವಿನಿಂದ ನುಗ್ಗಿ ಸದ್ದು ಮಾಡುತ್ತದೆ. ಎರಡರಿಂದ ನಾಲ್ಕು ಕಿಲೋ ತೂಗುವ, ಒಂದೂವರೆ ಮೀಟರಿನಷ್ಟು ರೆಕ್ಕೆಯಗಲದ ಹಕ್ಕಿ ಗುಟ್ಟಾಗಿ ಹಾರುವ ಹಾಗೇ ಇಲ್ಲ.

ನೋಡಿದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವುದು ಕೊಕ್ಕು, ಅದರ ಮೇಲೆ ಮಗುಚಿಟ್ಟಂತಿರುವ ಶಿರಸ್ತ್ರಾಣ. ಇಷ್ಟು ಭಾರ ಹೇಗೆ ಹೊರುತ್ತದೆ ಎಂದು ಮರುಗಬೇಕಿಲ್ಲ. ದೊಡ್ಡ ಮಂಗಟ್ಟೆಯ ಆ ಶಿರಸ್ತ್ರಾಣ ಒಳಗೆ ಬಹುತೇಕ ಟೊಳ್ಳು. ಆದರೂ ಉದ್ದದ ಕೊಕ್ಕು ಕತ್ತನ್ನು ಜಗ್ಗುತ್ತದಲ್ಲ, ಅದಕ್ಕೆ ಈ ಕುಲದ ಹಕ್ಕಿಗಳಲ್ಲಿ ಕತ್ತಿನ ಮೊದಲ ಎರಡು ಎಲುಬುಗಳೇ ಬೆಸೆದುಕೊಂಡಿವೆ. ಬೇರೆ ಯಾವ ಹಕ್ಕಿಯಲ್ಲೂ ಈ ಏರ್ಪಾಡು ಇಲ್ಲ. ನಾಲಗೆ ಮಾತ್ರ ಗಿಡ್ಡ, ಕೊಕ್ಕಿನ ತುದಿ ಮುಟ್ಟದು. ಹಾಗಾಗಿ ಹಣ್ಣನ್ನು ತುದಿಯಲ್ಲಿ ನಾಜೂಕಾಗಿ ಕಿತ್ತು, ಮೇಲಕ್ಕೆ ಚಿಮ್ಮಿಸಿ, ಬಾಯಿ ತೆರೆದು ಗಂಟಲಿಗೇ ಬೀಳಿಸಿಕೊಳ್ಳುತ್ತದೆ. ಅಗಿಯುವುದಿಲ್ಲ, ಕುಕ್ಕುವುದಿಲ್ಲ, ಇಡಿಯಾಗಿ ನುಂಗುತ್ತದೆ.

ಕಾಡಿಗೆ ಬೇಕಾದದ್ದು ಇದೇ.

ರಾಮಪತ್ರೆ ಮರವನ್ನು ನೋಡಿ. ಕಾಯಿ ಬಿರಿದಾಗ ಒಳಗಿನ ಬೀಜವನ್ನು ಕೆಂಪು ಬಲೆಯಂತೆ ಸುತ್ತಿಕೊಂಡಿರುವುದೇ ಪತ್ರೆ. ಸುಳ್ಯ, ಕಡಬದ ಕಡೆ ಅದನ್ನು ಹೆಕ್ಕಿ ಒಣಗಿಸಿ ಮಾರುವವರಿದ್ದಾರೆ. ಮರ ಮಾತ್ರ ಆ ಪತ್ರೆಯನ್ನು ಪೇಟೆಗೆಂದು ಸಿಂಗರಿಸಿದ್ದಲ್ಲ, ಅದು ಮಂಗಟ್ಟೆಗೆ ಕೊಡುವ ಬಾಡಿಗೆ. ಹಕ್ಕಿ ಬೀಜಸಮೇತ ನುಂಗಿ ಪತ್ರೆಯನ್ನು ಜೀರ್ಣಿಸಿಕೊಂಡು, ದಪ್ಪ ಬೀಜವನ್ನು ಮುಕ್ಕಾಗದಂತೆ ಬಾಯಿಯಿಂದಲೇ ಹೊರಗೆ ಉಗುಳುತ್ತದೆ. ಅತ್ತಿ, ಗೋಳಿಯ ಸಾಸಿವೆಯಂಥ ಬೀಜಗಳು ಹಿಕ್ಕೆಯ ಜೊತೆ ಬೀಳುತ್ತವೆ. ನುಂಗಿದ್ದಕ್ಕೂ ಬೀಳಿಸಿದ್ದಕ್ಕೂ ನಡುವೆ ಹಕ್ಕಿ ಎಷ್ಟು ದೂರ ಹಾರಿತೋ ಅಷ್ಟು ದೂರ ಮರವೂ ಹೋದ ಹಾಗೆ. ದೊಡ್ಡ ಮಂಗಟ್ಟೆಯ ಮಟ್ಟಿಗೆ ಅದು ಕೆಲವೊಮ್ಮೆ ಹಲವು ಕಿಲೋಮೀಟರ್. ಸಣ್ಣ ಹಕ್ಕಿಗಳ ಗಂಟಲಲ್ಲಿ ರಾಮಪತ್ರೆಯ ಬೀಜ ಇಳಿಯುವುದೇ ಇಲ್ಲ.

ಮಂಗಟ್ಟೆ ಇಲ್ಲದಿದ್ದರೆ ಕಾಡಿಗೆ ನಿಜಕ್ಕೂ ಎಷ್ಟು ನಷ್ಟ? ನಮ್ಮ ಘಟ್ಟದಲ್ಲಿ ಇದಕ್ಕೆ ಉತ್ತರ ಹುಡುಕುವುದು ಕಷ್ಟ. ಇಲ್ಲಿ ಹಣ್ಣು ತಿನ್ನಲು ಕೆಂದಳಿಲು, ಮಂಗ, ಪುನುಗು, ಬಾವಲಿ ಎಲ್ಲವೂ ಇವೆ. ಯಾರು ಬಿತ್ತಿದರು ಎಂದು ಬೇರ್ಪಡಿಸುವುದು ಹೇಗೆ? ಅಂಥ ಗೊಂದಲ ಕಡಿಮೆ ಇರುವ ಪ್ರಯೋಗಶಾಲೆಯೊಂದನ್ನು ಪ್ರಕೃತಿಯೇ ಕಟ್ಟಿಟ್ಟಿದೆ. ಅದೊಂದು ಜ್ವಾಲಾಮುಖಿಯ ದ್ವೀಪ, ನೋಡಲು ಹಡಗು ಹತ್ತಬೇಕು.

ಜ್ವಾಲಾಮುಖಿಯ ದ್ವೀಪ ಎಂದರೆ ನಮಗೆ ನೆನಪಾಗುವುದು ಮಲ್ಪೆಯ ಸೇಂಟ್ ಮೇರೀಸ್. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದಾಗ ಉಕ್ಕಿದ ಲಾವಾ ಅಲ್ಲಿ ಕಂಬಕಂಬವಾಗಿ ನಿಂತಿದೆ. ಕಲ್ಲು ಇದೆ, ತೆಂಗು ಇದೆ, ಕಾಡಿಲ್ಲ. ಕಾಡು ಹೊತ್ತ ಜ್ವಾಲಾಮುಖಿ ಬೇಕಿದ್ದರೆ ಅಂಡಮಾನಿಗೆ ಹೋಗಬೇಕು. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ, ಉತ್ತರ ಅಂಡಮಾನಿನ ಪೂರ್ವಕ್ಕೆ ಒಂಟಿಯಾಗಿ ನಿಂತಿದೆ ನಾರ್ಕೊಂಡಂ. ಸಮುದ್ರದಿಂದ ನೆಟ್ಟಗೆ 710 ಮೀಟರ್ ಎದ್ದ ಸುಪ್ತ ಜ್ವಾಲಾಮುಖಿ. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗೂ ಕಡಿಮೆ, ಮೈತುಂಬ ದಟ್ಟ ಕಾಡು. ಸುಮಾರು 135 ಕಿ.ಮೀ. ದಕ್ಷಿಣಕ್ಕೆ ಅದರ ನೆರೆಯ ಬ್ಯಾರನ್ ದ್ವೀಪ. ಭಾರತದ ಏಕೈಕ ಜೀವಂತ ಜ್ವಾಲಾಮುಖಿಯಾದ ಅದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಲಗಿದ್ದು 1991ರಲ್ಲಿ ಎಚ್ಚೆತ್ತಿತು. ಅಲ್ಲಿ ಮಂಗಟ್ಟೆ ಇಲ್ಲ. ನಾರ್ಕೊಂಡಮಿನಲ್ಲಿರುವ ಮಂಗಟ್ಟೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಈ ಹಕ್ಕಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೂ ಒಂದು ಹಡಗು ಪ್ರವಾಸದಿಂದಲೇ. 1873ರಲ್ಲಿ ಬಂಗಾಳಕೊಲ್ಲಿಯ ದ್ವೀಪಗಳನ್ನು ಸುತ್ತಲು 'ಸ್ಕೋಷಿಯ' ಎಂಬ ಉಗಿಹಡಗು ಹೊರಟಿತು. ಅದರಲ್ಲಿದ್ದವರು ಎ.ಒ. ಹ್ಯೂಮ್. ಹನ್ನೆರಡು ವರ್ಷಗಳ ನಂತರ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಅದೇ ಹ್ಯೂಮ್. ಅಂದಿನ ಪಕ್ಷಿವೀಕ್ಷಣೆ ಬಂದೂಕಿನದ್ದು. ಹೊಡೆದು ಕೆಡವಿದ ಹಕ್ಕಿಯ ಚರ್ಮ ಸುಲಿದು ಅಳೆದರೇ ಹೆಸರು. ಈಗ ದ್ವೀಪವಿಡೀ ವನ್ಯಜೀವಿ ಧಾಮ, ಕಾಲಿಡಲು ಅನುಮತಿ ಬೇಕು.

ನಾರ್ಕೊಂಡಂ ಯಾವ ಕಾಲಕ್ಕೂ ನೆಲಕ್ಕೆ ಅಂಟಿಕೊಂಡಿದ್ದ ದ್ವೀಪವಲ್ಲ. ಮಂಗಗಳಾಗಲೀ ಜಿಂಕೆಗಳಾಗಲೀ ಅಲ್ಲಿಗೆ ನಡೆದು ಹೋಗಲಿಲ್ಲ. ಮಂಗಟ್ಟೆಯ ಪೂರ್ವಜರು ಹಾರಿಕೊಂಡೇ ಬಂದರು. ಮೈಸೂರಿನಲ್ಲಿ ನೆಲೆ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಲ್ಲಿ ಬೀಡುಬಿಟ್ಟು ಹಣ್ಣಿನ ಮರಗಳನ್ನೂ ತಿನ್ನಲು ಬರುವವರನ್ನೂ ಲೆಕ್ಕ ಹಾಕಿದರು. ಅಷ್ಟು ಸಣ್ಣ ದ್ವೀಪದಲ್ಲಿ ಸುಮಾರು ಸಾವಿರ ಮಂಗಟ್ಟೆಗಳು. ಚದರ ಕಿಲೋಮೀಟರಿಗೆ ಹೆಚ್ಚುಕಡಿಮೆ 150, ಲೋಕದ ಯಾವ ಕಾಡಿನಲ್ಲೂ ಮಂಗಟ್ಟೆಗಳು ಇಷ್ಟು ಒತ್ತಾಗಿ ಕಂಡಿಲ್ಲ. ಅತ್ತಿಯ ಜಾತಿಯ ಮರಗಳೂ ಹಾಗೆಯೇ ಒತ್ತೊತ್ತಾಗಿವೆ. ಹಣ್ಣು ಹಕ್ಕಿಯನ್ನು ಸಾಕಿತು, ಹಕ್ಕಿ ಹಣ್ಣಿನ ಮರಗಳನ್ನು ಸಾಕಿತು. ಇನ್ನೊಂದು ಪಾಠ ಆಡುಗಳದ್ದು. ದ್ವೀಪದ ಪೊಲೀಸ್ ಠಾಣೆಯವರು ಸಾಕಲೆಂದು ತಂದ ಆಡುಗಳು ಕಾಡು ಹೊಕ್ಕು, ಹಕ್ಕಿ ಬಿತ್ತಿದ ಸಸಿಗಳನ್ನೆಲ್ಲ ಮೇಯತೊಡಗಿದವು. ಕೊನೆಗೆ ಅವನ್ನು ಅಲ್ಲಿಂದ ತೆಗೆಯಬೇಕಾಯಿತು.

ಬೀಜ ಹೊರುವ ಈ ಯಂತ್ರಕ್ಕೆ ಒಂದು ದೊಡ್ಡ ಷರತ್ತಿದೆ, ಪೊಟರೆ. ಗೂಡಿನ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲನ್ನು ಒಂದು ಸೀಳಿನಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ಒಳಗೆ ಹಾರುವ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಮುಂದಿನ ಮೂರು-ನಾಲ್ಕು ತಿಂಗಳು ಗಂಡು ಗಂಟಲಲ್ಲಿ ತುಂಬಿ ತಂದ ಹಣ್ಣನ್ನು ಒಂದೊಂದಾಗಿ ಉಗುಳಿ, ಆ ಸೀಳಿನಿಂದ ಕೊಡಬೇಕು. ಗಂಡಿಗೆ ಏಟು ಬಿದ್ದರೆ ಇಡೀ ಸಂಸಾರಕ್ಕೆ ಉಪವಾಸ. ಮಂಗಟ್ಟೆಯ ಕೊಕ್ಕು ಮರಕುಟಿಗನ ಉಳಿಯಲ್ಲ, ಪೊಟರೆ ಕೊರೆಯಲು ಬಾರದು. ಕೊಂಬೆ ಮುರಿದು, ಗಾಯ ಕೊಳೆತು, ವರುಷಗಳ ಮೇಲೆ ತಾನಾಗಿ ಆದ ಪೊಟರೆಯೇ ಬೇಕು. ಅಂಥದ್ದು ಮುದಿ ಮರದಲ್ಲಷ್ಟೇ ಸಿಗುತ್ತದೆ.

ನಮ್ಮ ತಾಲೂಕುಗಳಲ್ಲಿ ಮುದಿ ಮರ ಉಳಿದಿರುವುದು ಎಲ್ಲಿ? ಪುಷ್ಪಗಿರಿ ತಪ್ಪಲು, ಶಿರಾಡಿ, ಗುಂಡ್ಯ, ಸಂಪಾಜೆಯ ಕಾಡುಗಳಲ್ಲಿ. ಅಲ್ಲಿಂದ ಕೆಳಗೆ ಅಡಿಕೆ ತೋಟ, ಗೇರು, ರಬ್ಬರ್. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳ ಪುನರ್ವಸತಿಗೆಂದು ಸುಳ್ಯ ಸೀಮೆಯಲ್ಲಿ ಸರಕಾರವೇ ರಬ್ಬರ್ ಬೆಳೆಸಿತು. ರಬ್ಬರಿನ ಕಾಯಿ ಬಿಸಿಲಿಗೆ ಟಪ್ಪೆಂದು ಸಿಡಿದು ಬೀಜವನ್ನು ತಾನೇ ಎಸೆಯುತ್ತದೆ. ಅದಕ್ಕೆ ಹಕ್ಕಿಯ ಹಂಗಿಲ್ಲ, ಹಕ್ಕಿಗೆ ಅದರಿಂದ ಊಟವೂ ಇಲ್ಲ. ಈ ಹಸಿರು ಕಡಲಿನ ನಡುವೆ ನಾಗಬನಗಳು, ದೈವದ ಕಾಡುಗಳು, ಕುಮ್ಕಿಯಲ್ಲಿ ಕೊಡಲಿ ತಪ್ಪಿಸಿಕೊಂಡ ಒಂದೆರಡು ಗೋಳಿಮರಗಳು ದ್ವೀಪಗಳಂತೆ ನಿಂತಿವೆ. ದೊಡ್ಡ ಮಂಗಟ್ಟೆ ಇಲ್ಲಿಯವರೆಗೆ ಇಳಿಯುವುದು ಅಪರೂಪ. ಆದರೆ ಶಿರಸ್ತ್ರಾಣವಿಲ್ಲದ, ಕಾಗೆಗಿಂತ ತುಸು ಉದ್ದದ, ಗಹಗಹಿಸಿ ನಗುವಂತೆ ಕೂಗುವ ಮಲಬಾರ್ ಬೂದು ಮಂಗಟ್ಟೆ ಬರುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದೂ ಹೌದು. ತೋಟದ ಬದಿಯ ಗೋಳಿ ಹಣ್ಣಾದ ವಾರ ಅದರ ಗದ್ದಲ ಕೇಳಿಸದ ಮನೆ ಕಾಡಂಚಿನಲ್ಲಿ ಕಡಿಮೆ.

ಆ ಗೋಳಿಯ ಬುಡದಲ್ಲಿ ಒಮ್ಮೆ ಕಣ್ಣಾಡಿಸಿ. ಗೋಳಿಯದ್ದಲ್ಲದ ಸಸಿಗಳು ಸಿಗುತ್ತವೆ. ತಾಯಿಮರ ಸುತ್ತಮುತ್ತ ಎಲ್ಲೂ ಇಲ್ಲದ ಒಂದು ಸಸಿ ಅಲ್ಲಿ ಎದ್ದಿದ್ದರೆ, ಯಾರೋ ಮೇಲೆ ಕೂತು ಅದನ್ನು ಬಿಟ್ಟು ಹೋಗಿದ್ದಾರೆ. ತೋಟದ ಕಳೆ ಸವರುವಾಗ ಕತ್ತಿ ಅದರ ಬಳಿ ಬಂದರೆ, ಒಂದು ಗೇಣು ಆಚೆಯಿಂದ ಹಾಯಿಸಿದರೆ ಸಾಕು.