ಸ್ವಂತ ವಿಮಾನ, ತೆರಿಗೆಯ ಲೆಕ್ಕ

ಸ್ವಂತ ವಿಮಾನವೆಂದರೆ ಕುಬೇರರ ಆಟಿಕೆ ಎಂಬುದು ನಮ್ಮಲ್ಲಿ ಸಾಮಾನ್ಯ ಎಣಿಕೆ. ಅಮೆರಿಕದಲ್ಲಿ ಈ ಮಾತು ಪೂರ್ತಿ ಸಲ್ಲುವುದಿಲ್ಲ. ಅಲ್ಲಿ ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000. ವೇಳಾಪಟ್ಟಿಯಂತೆ ಹಾರುವ ಪ್ರಯಾಣಿಕ ವಿಮಾನಗಳು ಬಂದಿಳಿಯುವುದು ಇವುಗಳಲ್ಲಿ ಸುಮಾರು ಹತ್ತರಲ್ಲೊಂದು ನಿಲ್ದಾಣದಲ್ಲಿ ಮಾತ್ರ. ಉಳಿದ ಊರುಗಳಿಗೆ ರಸ್ತೆ ಬಿಟ್ಟರೆ ಸ್ವಂತ ಇಲ್ಲವೇ ಬಾಡಿಗೆ ವಿಮಾನವೇ ಗತಿ. ಹೀಗಾಗಿ ಮೂರು ನಾಲ್ಕು ರಾಜ್ಯಗಳಲ್ಲಿ ಕೆಲಸ ಹಿಡಿದ ಕಟ್ಟಡ ಗುತ್ತಿಗೆದಾರ, ಕೃಷಿ ಯಂತ್ರಗಳ ವ್ಯಾಪಾರಿ, ಹಲವು ಊರುಗಳಲ್ಲಿ ಚಿಕಿತ್ಸಾಲಯ ನಡೆಸುವ ವೈದ್ಯ ಮೊದಲಾದವರೂ ನಾಲ್ಕಾರು ಆಸನಗಳ ಪುಟ್ಟ ವಿಮಾನ ಕೊಳ್ಳುವುದುಂಟು.

ಹಾಗೆ ಕೊಳ್ಳಹೊರಟವರ ಕಿವಿಗೆ ಮೊದಲು ಬೀಳುವ ಮಾತೆಂದರೆ, ‘ಪೂರ್ತಿ ಬೆಲೆಯನ್ನು ತೆರಿಗೆಯಲ್ಲಿ ಕಳೆಯಬಹುದು’ ಎಂಬುದು. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧ ತಿಳಿಯದೆ ಸಹಿ ಹಾಕಿದವರಿಗೆ ವಿಮಾನಕ್ಕಿಂತ ಅದರ ತೆರಿಗೆಯೇ ಭಾರವಾಗಬಹುದು.

ಸವಕಳಿ ಎಂದರೇನು?

ವಾಣಿಜ್ಯ ವಿದ್ಯಾರ್ಥಿಗಳಿಗೆ ಸವಕಳಿಯ ಪಾಠ ಹೊಸದಲ್ಲ. ಯಂತ್ರ ಸವೆದಂತೆ ಅದರ ಬೆಲೆಯನ್ನು ವರ್ಷವರ್ಷ ಖರ್ಚಿಗೆ ಬರೆಯುವುದೇ ಸವಕಳಿ. ಅಮೆರಿಕದ ಆದಾಯ ತೆರಿಗೆ ಕಾನೂನಿನಲ್ಲಿ, ಬಾಡಿಗೆಗೆ ಬಿಡದೆ ಸ್ವಂತ ವ್ಯವಹಾರಕ್ಕೆ ಬಳಸುವ ವಿಮಾನದ ಆಯುಷ್ಯ ಸಾಮಾನ್ಯವಾಗಿ 5 ವರ್ಷ. ಪ್ರಯಾಣಿಕರನ್ನೋ ಸರಕನ್ನೋ ಬಾಡಿಗೆಗೆ ಒಯ್ಯುವ ವಿಮಾನಕ್ಕೆ 7 ವರ್ಷ. ಐದು ವರ್ಷದ ಲೆಕ್ಕದಲ್ಲಿ ಮೊದಲ ವರ್ಷ ಬೆಲೆಯ ಶೇ. 20, ಎರಡನೆಯ ವರ್ಷ ಶೇ. 32, ಹೀಗೆ ಆರು ತೆರಿಗೆ ವರ್ಷಗಳಲ್ಲಿ ಹರಡಿ ಬರೆಯುವುದು ವಾಡಿಕೆ.

ಉದ್ಯಮಗಳು ಹೆಚ್ಚು ಬಂಡವಾಳ ಹೂಡಲೆಂದು ಸರ್ಕಾರ ಈ ಗಡಿಯಾರವನ್ನು ಆಗಾಗ ಮುಂದಕ್ಕೆ ತಿರುಗಿಸುತ್ತದೆ. 2017ರ ತೆರಿಗೆ ಕಾಯ್ದೆ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಕಳೆಯಲು ಅವಕಾಶ ಕೊಟ್ಟಿತು. ವಿಮಾನ ಹಳೆಯದಾದರೂ ಸರಿ, ಕೊಳ್ಳುವವರಿಗೆ ಹೊಸದಾಗಿದ್ದರಾಯಿತು. ಈ ಅವಕಾಶ 2023ರಲ್ಲಿ ಶೇ. 80ಕ್ಕೆ, 2024ರಲ್ಲಿ ಶೇ. 60ಕ್ಕೆ ಇಳಿಯಿತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ, ಅದೇ ವರ್ಷ ಜನವರಿ 19ರ ನಂತರ ಕೊಂಡ ಸ್ವತ್ತುಗಳಿಗೆ ಮತ್ತೆ ಶೇ. 100ನ್ನು ತಂದಿತು.

ಉಡುಗೊರೆಯಲ್ಲ, ಕೈಗಡ

ಹಾಗಾದರೆ ಸರ್ಕಾರವೇ ವಿಮಾನ ಕೊಡಿಸಿದಂತಾಯಿತೇ? ಒಂದು ಸರಳ ಲೆಕ್ಕ ನೋಡೋಣ. ಒಬ್ಬ ಗುತ್ತಿಗೆದಾರ 5,00,000 ಡಾಲರ್ ಕೊಟ್ಟು ವಿಮಾನ ಕೊಂಡು, ಅದನ್ನು ವ್ಯವಹಾರಕ್ಕಷ್ಟೇ ಬಳಸಿದನೆನ್ನಿ. ಆತನ ತೆರಿಗೆ ದರ ಶೇ. 30 ಇರಲಿ. ಸಾಕಷ್ಟು ಆದಾಯವಿದ್ದು ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಕಳೆದರೆ ಉಳಿಯುವ ತೆರಿಗೆ 1,50,000 ಡಾಲರ್. ಮಿಕ್ಕ 3,50,000 ಡಾಲರ್ ಆತನ ಜೇಬಿನದೇ.

ಐದು ವರ್ಷ ಕಳೆದು ಆತ ವಿಮಾನವನ್ನು 3,50,000 ಡಾಲರಿಗೆ ಮಾರಿದ. ಪುಸ್ತಕದಲ್ಲಿ ವಿಮಾನದ ಬೆಲೆ ಆಗಲೇ ಸೊನ್ನೆ. ಆದ್ದರಿಂದ ಬಂದ ಹಣವಷ್ಟೂ ಸಾಮಾನ್ಯ ಆದಾಯವೆಂದೇ ಲೆಕ್ಕ. ಅದರ ಮೇಲೆ ಶೇ. 30ರಂತೆ 1,05,000 ಡಾಲರ್ ತೆರಿಗೆ ಕಟ್ಟಬೇಕು. ಕೊನೆಗೆ ದಕ್ಕಿದ ನೆರವು 45,000 ಡಾಲರ್. ವಿಮಾನದ ಬೆಲೆ ನಿಜವಾಗಿ ಕುಸಿದದ್ದು 1,50,000 ಡಾಲರ್, ಅದರ ಶೇ. 30 ಎಂದರೆ ಸರಿಯಾಗಿ ಇದೇ 45,000! ಉಳಿದದ್ದೆಲ್ಲ ಸರ್ಕಾರ ಕೊಟ್ಟ ಬಡ್ಡಿಯಿಲ್ಲದ ಕೈಗಡ. ಹಿಂದೆ ಹಳೆಯ ವಿಮಾನ ಕೊಟ್ಟು ಹೊಸದನ್ನು ಪಡೆದು ಈ ತೆರಿಗೆಯನ್ನು ಮುಂದೂಡಬಹುದಿತ್ತು. 2018ರಿಂದ ಆ ಸೌಲಭ್ಯ ಸ್ಥಿರಾಸ್ತಿಗೆ ಮಾತ್ರ ಉಳಿದಿದೆ.

ಅರ್ಧದ ಗೆರೆ

ವಿಮಾನವನ್ನು ಶೇ. 50ಕ್ಕಿಂತ ಹೆಚ್ಚು ವ್ಯವಹಾರಕ್ಕೇ ಬಳಸಿದರಷ್ಟೇ ಈ ವೇಗದ ಸವಕಳಿ ಸಿಗುವುದು. ಶೇ. 70 ಬಳಸಿದರೆ ಶೇ. 70ರಷ್ಟೇ ಖರ್ಚು. ಮೊದಲ ವರ್ಷ ಗೆರೆ ದಾಟಿದರೆ ಸಾಲದು. ಮುಂದೆ ವ್ಯಾಪಾರ ಕುಗ್ಗಿಯೋ, ಮಕ್ಕಳ ರಜೆಗೆಂದು ಹೆಚ್ಚು ಹಾರಿಯೋ ಬಳಕೆ ಅರ್ಧಕ್ಕೆ ಇಳಿದರೆ, ಹೆಚ್ಚಾಗಿ ಕಳೆದ ಸವಕಳಿಯನ್ನು ಆ ವರ್ಷದ ಆದಾಯಕ್ಕೆ ಮರಳಿ ಸೇರಿಸಬೇಕು. ವ್ಯಾಪಾರ ಸೊರಗಿದ ವರ್ಷವೇ ಈ ಹೊರೆ ತಲೆಯ ಮೇಲೆ ಬೀಳುವುದು ಇದರ ಕಷ್ಟ.

ಯಾವ ಹಾರಾಟ ವ್ಯವಹಾರದ್ದು ಎಂಬುದೂ ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ. ಕೆಲಸದ ಸ್ಥಳ ನೋಡಲು ಹೋದದ್ದು ಸರಿ. ಮನೆಯಿಂದ ನಿತ್ಯದ ಕಚೇರಿಗೆ ಹಾರಿದ್ದು ಸಲ್ಲದು. ಗಿರಾಕಿಗಳನ್ನು ಪಂದ್ಯ ತೋರಿಸಲು ಕರೆದೊಯ್ದ ಖರ್ಚೂ 2018ರಿಂದ ಸಲ್ಲದು. ಆದ್ದರಿಂದ ಪ್ರತಿ ಹಾರಾಟದ ದಿನಾಂಕ, ಊರು, ಉದ್ದೇಶ, ಜತೆಗಿದ್ದವರು ಇವನ್ನೆಲ್ಲ ಆಗಿಂದಾಗಲೇ ಬರೆದಿಡಬೇಕು. ನೋಟಿಸು ಬಂದ ಮೇಲೆ ನೆನಪಿನಿಂದ ಬರೆದ ಪುಸ್ತಕಕ್ಕೆ ಬೆಲೆ ಕಡಿಮೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ತೆರಿಗೆ ಇಲಾಖೆ, ವ್ಯವಹಾರದ ಹೆಸರಿನ ವಿಮಾನಗಳ ಖಾಸಗಿ ಬಳಕೆ ಕುರಿತು ಹತ್ತಾರು ತಪಾಸಣೆ ನಡೆಸುವುದಾಗಿ ಪ್ರಕಟಿಸಿತು. ಅದರ ಗುರಿ ದೊಡ್ಡ ಕಂಪನಿಗಳು ಮತ್ತು ಸಿರಿವಂತರು. ಆದರೆ ನಿಯಮ ಚಿಕ್ಕವರಿಗೂ ಅದೇ.

ಈ ಪ್ರಶ್ನೆ ಇಂದಿನದಲ್ಲ. 1991ರಲ್ಲಿ ಅಮೆರಿಕ ಎರಡೂವರೆ ಲಕ್ಷ ಡಾಲರಿಗಿಂತ ಮೇಲ್ಪಟ್ಟ ವಿಮಾನ ಬೆಲೆಯ ಮೇಲೆ ಶೇ. 10ರ ಐಷಾರಾಮಿ ತೆರಿಗೆ ಹಾಕಿತ್ತು. ಆಗಲೂ ಶೇ. 80ರಷ್ಟು ವ್ಯವಹಾರಕ್ಕೆ ಬಳಸುವವರಿಗೆ ಅದರಿಂದ ವಿನಾಯಿತಿ ಇತ್ತು. ವಿಮಾನಗಳ ಮೇಲಿನ ಆ ತೆರಿಗೆ 1993ರಲ್ಲಿ ರದ್ದಾಯಿತು.

ಜಾಣತನದ ಕುಣಿಕೆ

ಅಪಘಾತವಾದರೆ ಹೊಣೆ ತಪ್ಪಲೆಂದು ಕೆಲವರು ವಿಮಾನಕ್ಕಾಗಿಯೇ ಪ್ರತ್ಯೇಕ ಕಂಪನಿ ತೆರೆದು, ತಮ್ಮದೇ ಮೂಲ ವ್ಯಾಪಾರದಿಂದ ಅದಕ್ಕೆ ಹಾರಾಟದ ಹಣ ಕೊಡಿಸುತ್ತಾರೆ. ಪೈಲಟ್ ಸಹಿತ ಹಾರಿಸಿ ಹಣ ಪಡೆಯುವ ಇಂಥ ಕಂಪನಿ ಕಾನೂನಿನ ಕಣ್ಣಿಗೆ ಬಾಡಿಗೆ ವಿಮಾನ ಸಂಸ್ಥೆ. ಅದಕ್ಕೆ ವಿಮಾನಯಾನ ಇಲಾಖೆಯ ಪರವಾನಗಿ ಬೇಕು. ಪ್ರಯಾಣದ ಹಣದ ಮೇಲೆ ಶೇ. 7.5ರ ತೆರಿಗೆಯೂ ಬೀಳಬಹುದು.

ರಾಜ್ಯಗಳ ಮಾರಾಟ ತೆರಿಗೆ ಬೇರೆ ಇದೆ. ಮೊಂಟಾನಾ, ಆರೆಗಾನ್ ಮುಂತಾದ ಐದು ರಾಜ್ಯಗಳಲ್ಲಿ ರಾಜ್ಯಮಟ್ಟದ ಮಾರಾಟ ತೆರಿಗೆ ಇಲ್ಲ. ಅಲ್ಲಿ ಕೊಂಡು ಊರಿಗೆ ತಂದರೆ ಪಾರಾದೆವೆಂದು ಭಾವಿಸುವವರಿಗೆ ಸ್ವಂತ ರಾಜ್ಯದ ‘ಬಳಕೆ ತೆರಿಗೆ’ ಕಾದಿರುತ್ತದೆ. ಶೇ. 6 ಎಂದರೂ ಐದು ಲಕ್ಷಕ್ಕೆ 30,000 ಡಾಲರ್!

ಆದ್ದರಿಂದಲೇ ಬಲ್ಲ ಲೆಕ್ಕಿಗರು ತೆರಿಗೆಯ ಮಾತನ್ನು ಕೊನೆಗೆ ಎತ್ತುತ್ತಾರೆ. ವರ್ಷಕ್ಕೆ ಎಷ್ಟು ಗಂಟೆ ಹಾರಾಟ? ಬಾಡಿಗೆ ವಿಮಾನ ಸಾಲದೇ? ಪೈಲಟ್, ವಿಮೆ, ದುರಸ್ತಿ, ನಿಲುಗಡೆ ಇವನ್ನು ವ್ಯಾಪಾರ ತಡೆದೀತೇ? ಇವಕ್ಕೆ ಉತ್ತರ ಸಿಕ್ಕ ಮೇಲೆ ಮಾತ್ರ ತೆರಿಗೆ. ವಿಮಾನವಿರಲಿ, ಕಾರಿರಲಿ, ಕಂಪ್ಯೂಟರಿರಲಿ, ತೆರಿಗೆ ಉಳಿಯುತ್ತದೆಂದು ಬೇಡದ್ದನ್ನು ಕೊಂಡರೆ ಮೂವತ್ತು ಉಳಿಸಲು ನೂರು ಕಳೆದಂತೆಯೇ. ಸವಕಳಿಯ ಪಾಠ ಓದುವ ವಿದ್ಯಾರ್ಥಿ ಸೂತ್ರದ ಜತೆಗೆ ಇದನ್ನೂ ಕಲಿತರೆ ಮುಂದೆ ಎಂಥ ವ್ಯವಹಾರದಲ್ಲೂ ಮೋಸಹೋಗಲಾರ.