ಹಳೆಯ ಹತಾರಕ್ಕೆ ಬೆಂದ ಕಪ್ಪು

ಹೊಸ ಕಬ್ಬಿಣದ ಕಾವಲಿಯನ್ನು ಕೊಂಡು ತಂದೊಡನೆ ಯಾರೂ ಅದರ ಮೇಲೆ ದೋಸೆ ಹುಯ್ಯುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಪಳಗಿಸುತ್ತಾರೆ. ಕ್ರಮೇಣ ಅದರ ಮೈ ಕಪ್ಪಾಗಿ ನುಣುಪಾಗುತ್ತದೆ. ಆ ಕಪ್ಪು ಬರಿಯ ಮಸಿಯಲ್ಲ. ಬೆಂದು ಗಟ್ಟಿಯಾದ ಎಣ್ಣೆ. ಇದನ್ನು ನೆನಪಿನಲ್ಲಿಟ್ಟರೆ, ಪಾಶ್ಚಾತ್ಯ ದೇಶಗಳ ಹಳೆಯ ಹತಾರಗಳ ಮೇಲೆ ಹೊಳೆಯುವ ಕರಿಯ ಲೇಪದ ಗುಟ್ಟು ಅರ್ಧ ತಿಳಿದಂತೆಯೇ ಸರಿ.

ಈ ಲೇಪನಕ್ಕೆ ‘ಜಪಾನಿಂಗ್’ ಎಂದು ಹೆಸರು. ಹೆಸರು ಜಪಾನಿನದು, ಕೆಲಸ ಯೂರೋಪಿನದು. 17ನೆಯ ಶತಮಾನದಲ್ಲಿ ಪೂರ್ವ ದೇಶಗಳಿಂದ ಬಂದ ಪೆಟ್ಟಿಗೆಗಳ ಮೆರುಗಿಗೆ ಯೂರೋಪಿನವರು ಮಾರುಹೋದರು. ಆ ಮೆರುಗು ಪೂರ್ವದ ಒಂದು ಮರದ ರಸದಿಂದ ಆದದ್ದು. ಅದು ತಮಗೆ ದೊರೆಯದುದರಿಂದ ಅವರು ಅನುಕರಣೆಗೆ ತೊಡಗಿದರು. 1688ರಲ್ಲಿಯೇ ಸ್ಟಾಕರ್ ಮತ್ತು ಪಾರ್ಕರ್ ಎಂಬವರು ಈ ವಿದ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. 18ನೆಯ ಶತಮಾನದಲ್ಲಿ ವೇಲ್ಸಿನ ಪಾಂಟಿಪೂಲ್ ತಗಡಿನ ಪಾತ್ರೆಗಳ ಮೇಲಿನ ಇಂತಹ ಬೆಂದ ಲೇಪಕ್ಕೆ ಹೆಸರಾಯಿತು. ಮುಂದೆ ಅದು ಹೊಲಿಗೆ ಯಂತ್ರಗಳಿಗೂ ಬಡಗಿಯ ಎರಕದ ಕಬ್ಬಿಣದ ಉಜ್ಜುಗೊರಡಿಗೂ ಬಂದಿತು. 1869ರಲ್ಲಿ ಲೆನಾರ್ಡ್ ಬೇಲಿಯ ಪೇಟೆಂಟುಗಳನ್ನು ಕೊಂಡ ಅಮೆರಿಕದ ಸ್ಟ್ಯಾನ್ಲಿ ಸಂಸ್ಥೆಯ ಹಳೆಯ ಉಜ್ಜುಗೊರಡುಗಳಲ್ಲಿ ಇದನ್ನು ಇಂದಿಗೂ ಕಾಣಬಹುದು.

ಇದರ ಮುಖ್ಯ ಸಾಮಗ್ರಿಗಳು ಮೂರೇ: ಅಸ್ಫಾಲ್ಟಮ್, ಅಗಸೆ ಎಣ್ಣೆ, ಟರ್ಪೆಂಟೈನ್. ಅಸ್ಫಾಲ್ಟಮ್ ನೆಲದಲ್ಲಿ ತಾನಾಗಿ ದೊರೆಯುವ, ಕುಟ್ಟಿದರೆ ಪುಡಿಯಾಗುವ ಕಪ್ಪು ವಸ್ತು. ಡಾಂಬರಿನ ಹತ್ತಿರದ ನೆಂಟ. ಅಮೆರಿಕದ ಯೂಟಾ ರಾಜ್ಯದಲ್ಲಿ ಅಗೆಯುವ ಗಿಲ್ಸನೈಟ್ ಇದರ ಒಂದು ಬಗೆ. ಬಣ್ಣವನ್ನೂ ಹೊಳಪನ್ನೂ ಕೊಡುವುದು ಇದೇ. ಟರ್ಪೆಂಟೈನ್ ಅದನ್ನು ಕರಗಿಸಿ, ಕೆಲಸ ಮುಗಿದ ಮೇಲೆ ಆರಿಹೋಗುತ್ತದೆ. ಉಳಿದು ಬಿಗಿಹಿಡಿಯುವುದು ಅಗಸೆ ಎಣ್ಣೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ, ಅಣುವಿಗೆ ಅಣು ಹೆಣೆದುಕೊಂಡು ಬಲೆಯಂತಾಗುತ್ತದೆ. ತಾನಾಗಿ ಆರಲು ಬಿಟ್ಟರೆ ಬಹು ದಿನ ಹಿಡಿಯುವ ಈ ಹೆಣಿಗೆಯನ್ನು ಕಾವು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ.

ಮಾಡುವ ಕ್ರಮ ಹೀಗೆ. ಮೊದಲು ಮರದ ಹಿಡಿಯನ್ನೂ ಅಲಗನ್ನೂ ಕಳಚಿ, ತುಕ್ಕು ಜಿಡ್ಡುಗಳನ್ನು ಪೂರ್ತಿಯಾಗಿ ತೆಗೆಯಬೇಕು. ಮಿಶ್ರಣವನ್ನು ತೆಳುವಾಗಿ ಬಳಿದು, ಒಂದೆರಡು ದಿನ ಗಾಳಿಗೆ ಬಿಡಬೇಕು. ಬಳಿಕ ಓವನ್ನಿನ ಕಾವನ್ನು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆರಂಭಿಸಿ, ಹಂತ ಹಂತವಾಗಿ 200ರ ಸಮೀಪಕ್ಕೆ ಏರಿಸಿ, ಅದರೊಳಗೇ ತಣಿಯಲು ಬಿಡಬೇಕು. ಹೀಗೆ ಎರಡು ಮೂರು ಸಲ. ಅವಸರದಿಂದ ಕಾಯಿಸಿದರೆ ಗುಳ್ಳೆ ಏಳುತ್ತದೆ. ದಪ್ಪವಾಗಿ ಬಳಿದರೆ ಸುಕ್ಕು ಬೀಳುತ್ತದೆ. ಟರ್ಪೆಂಟೈನಿನ ಆವಿ ಬೆಂಕಿಗೆ ಬಲು ಬೇಗ ಹೊತ್ತಿಕೊಳ್ಳುತ್ತದೆ. ಆದುದರಿಂದ ಅದು ಪೂರ್ತಿ ಆರುವವರೆಗೆ ಓವನ್ನಿನಲ್ಲಿ ಇಡಬಾರದು. ಅಡುಗೆಯ ಓವನ್ನನ್ನಂತೂ ಬಳಸಲೇಬಾರದು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹರಡಿ ಒಣಗಿಸಿ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಮಾತು. ನಿಮ್ಮ ಅಜ್ಜ ಬಳಸಿದ ಹತಾರದಲ್ಲಿ ಮೊದಲಿನ ಲೇಪ ಬಹುಪಾಲು ಉಳಿದಿದ್ದರೆ, ಅದನ್ನು ಕೆರೆಯಬೇಡಿ. ಧೂಳು ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಆ ಹತಾರದ ವಯಸ್ಸಿಗೂ ದುಡಿಮೆಗೂ ಆ ಸವೆದ ಕಪ್ಪೇ ಸಾಕ್ಷಿ. ಒಮ್ಮೆ ಕೆರೆದರೆ ಅದು ಮರಳಿ ಬಾರದು. ಲೇಪ ಉದುರಿ ತುಕ್ಕು ಮೈಯನ್ನು ತಿನ್ನುತ್ತಿದ್ದರೆ ಮಾತ್ರ ಹೊಸ ಕಪ್ಪು ಬೇಯಿಸಿ. ಮುಂದೆ ಅದನ್ನು ಯಾರಿಗಾದರೂ ಕೊಡುವಾಗ, ಲೇಪ ಹೊಸದೆಂದು ಹೇಳಿಯೇ ಕೊಡಿ.